ಒಲೆಗೇರದ ಸ್ಪೀಕರು

ಕೀಲ್ಪಾಕ್‌ನಲ್ಲಿ ಮೆಡಿಕಲ್ ಕಾಲೇಜಿನ ಹಿಂದಿನ ಬೀದಿಯಲ್ಲಿರುವ ‘ಹೋಟೆಲ್ ಅನಂತ ಕೃಪಾ’ದಲ್ಲಿ ಒಂದರ ಹೊರತು ಎಲ್ಲ ಅಪರಾಧಗಳಿಗೂ ಕ್ಷಮೆಯಿದೆ. ಲೋಟ ಒಡೆಯಬಹುದು. ಸಾಂಬಾರಿನ ಬಕೆಟ್ ಹಿಡಿದು ಗಿರಾಕಿಯ ಬಿಳಿ ಷರಟಿನ ಕಡೆಗೆ ಗಕ್ಕನೆ ತಿರುಗಬಹುದು. ಮಾಲೀಕ ಮಧ್ವರಾಜರು ಖುದ್ದಾಗಿ ಒದ್ದೆ ಬಟ್ಟೆ ತಂದುಕೊಟ್ಟು ಮಾತು ಮುಗಿಸುತ್ತಾರೆ. ಆದರೆ ಒಲೆಯಿಂದ ಇಳಿಯದ ತಿಂಡಿಯ ಹೆಸರು ಮಾತ್ರ ಸಪ್ಲಯರ್‌ನ ನಾಲಿಗೆಯಿಂದ ಇಳಿಯಕೂಡದು. ಇದು ಅವರ ತಂದೆ ಹಾಕಿಕೊಟ್ಟ ಕಾನೂನು. ಮೇಜಿನ ಮೇಲಿನ ಗ್ರಾನೈಟು ಬದಲಾಗಿದೆ, ಗೋಡೆಗೆ ಏಸಿ ಬಂದಿದೆ, ಕಾನೂನು ಹಾಗೆಯೇ ಇದೆ.

ಹೋದ ವರ್ಷ ವಿಘ್ನೇಶ್ ಎಂಬ ಸಪ್ಲಯರ್ (ಇಡ್ಲಿಯಿಂದ ಹಿಡಿದು ಬಾದಾಮಿ ಹಾಲಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ಗಿರಾಕಿ ಉಸಿರು ಬಿಡುವಂತೆ ಮಾಡುವವನು) ಒಬ್ಬ ಡಾಕ್ಟರಿಗೆ ‘ಗೋಳಿಬಜೆ ಬರ್ತಾ ಉಂಟು ಸಾರ್’ ಎಂದುಬಿಟ್ಟ. ಡಾಕ್ಟರು ಕಾಫಿ ಮುಗಿಸಿದರು, ಪೇಪರು ಮುಗಿಸಿದರು, ಗೋಡೆಯ ಮೇಲಿನ ದೇವರ ಪಟಗಳನ್ನೂ ಒಂದೊಂದಾಗಿ ನೋಡಿ ಮುಗಿಸಿದರು. ಗೋಳಿಬಜೆಯ ಹಿಟ್ಟು ಇನ್ನೂ ಕಲಸಿಯೇ ಇರಲಿಲ್ಲ. ಮಧ್ವರಾಜರು ಡಾಕ್ಟರಿಗೆ ಕೈಮುಗಿದು, ವಿಘ್ನೇಶನನ್ನು ಗ್ರೈಂಡರ್ ಕೋಣೆಗೆ ಹಾಕಿದರು. ಅಲ್ಲಿ ಏನು ಮಾತಾಡಿದರೂ ಕೇಳುವುದು ಕಲ್ಲಿಗೆ ಮಾತ್ರ.

‘ಇಲ್ಲದ್ದನ್ನು ಕೂಗುದು ಸುಳ್ಳಿಗಿಂತ ಕಡೆ,’ ಎಂದು ಅವರು ಅಂದು ಇಡೀ ಅಡುಗೆಮನೆಗೆ ಉಪನ್ಯಾಸ ಕೊಟ್ಟಿದ್ದರು. ‘ಸುಳ್ಳು ಅಂತ ಗೊತ್ತಾದವ ಎದ್ದು ಹೋಗ್ತಾನೆ. ಇವ ಕಾದು ಕೂತ್ಕೊಳ್ತಾನೆ ಮಾರಾಯ!’

ಇಂಥ ಮನುಷ್ಯ ಒಂದು ಜಾಹೀರಾತಿಗೆ ಹೇಗೆ ಬಿದ್ದರು ಎಂದು ಅವರ ಪತ್ನಿ ಗುಣವತಿ ಈಗಲೂ ಕೇಳುತ್ತಾರೆ. ನಿಯಮವಿದ್ದೂ ಬಿದ್ದದ್ದಲ್ಲ, ನಿಯಮದಿಂದಲೇ ಬಿದ್ದದ್ದು. ಜಗತ್ತೆಲ್ಲ ತಮ್ಮ ಹೋಟೆಲಿನ ಹಾಗೆಯೇ ನಡೆಯುತ್ತದೆ, ಹೆಸರು ಕೂಗಿದರೆಂದರೆ ಪಾತ್ರೆ ಒಲೆಯಿಂದ ಇಳಿದಿದೆ ಎಂದೇ ಅರ್ಥ ಎಂದು ನಂಬಿದವರು ಅವರು.

ಒಂದು ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಮುಖಪುಟ ಪೂರ್ತಿ ಕಪ್ಪಾಗಿ ಬಂತು. ನಡುವೆ ಕಣ್ಣು ಮುಚ್ಚಿ ಕುಳಿತ ಒಬ್ಬ ಗಡ್ಡದ ಯುವಕ. ಅವನ ಮುಖದಲ್ಲಿ ಮೋಕ್ಷ ಸಿಕ್ಕಿ ಸ್ವಲ್ಪ ಹೊತ್ತಾದ ಕಳೆ. ಕೆಳಗೆ ‘ಘೋಷಾ ಒನ್’ ಎಂಬ ಹೆಸರು, ಅದರ ಕೆಳಗೆ ಒಂದು ಸಾಲು: ನಾದ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಡಿ. ಪುಟದಲ್ಲಿ ಸ್ಪೀಕರಿನ ಚಿತ್ರವೇ ಇರಲಿಲ್ಲ. ಮೂಲೆಯಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ‘ಶೀಘ್ರದಲ್ಲಿ’ ಎಂದಿತ್ತು. ಶೀಘ್ರ ಎಂದರೆ ಹೋಟೆಲಿನವರ ಲೆಕ್ಕದಲ್ಲಿ ಕುಕ್ಕರಿನ ಆವಿ ಹೋಗುವಷ್ಟು ಹೊತ್ತು.

ಮಧ್ವರಾಜರಿಗೆ ಒಂದೇ ಒಂದು ಚಟ, ತಾಳಮದ್ದಳೆಯ ಧ್ವನಿಮುದ್ರಣ. ಊರು ಬಿಟ್ಟು ಬಂದು ಎಷ್ಟು ಕಾಲವಾದರೂ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಚೆಂಡೆ ಬಡಿಯಲೇಬೇಕು. ಅದಕ್ಕಾಗಿ ಅಕ್ಕಿಮೂಟೆಯಷ್ಟು ಎತ್ತರದ ಎರಡು ಸ್ಪೀಕರುಗಳೂ ಒಂದು ಆಂಪ್ಲಿಫೈಯರೂ ಹಾಲಿನಲ್ಲಿ ಕಾಯಂ ಠಿಕಾಣಿ ಹೂಡಿದ್ದವು. ಅದಕ್ಕೆ ಮೈಕನ್ನೂ ಸಿಕ್ಕಿಸಬಹುದಿತ್ತು. ನಯನಾಜೂಕು ಇಲ್ಲದ, ಆದರೆ ಮೂವತ್ತು ಜನಕ್ಕೆ ಸಾಲುವ ಸದ್ದು ಅದರದ್ದು.

‘ಇದನ್ನು ನೋಡಿದ್ಯಾ ಗುಣಾ?’ ಎಂದು ಅವರು ಪತ್ರಿಕೆಯನ್ನು ತರಕಾರಿ ಹೆಚ್ಚುವ ಹಲಗೆಯ ಮೇಲೆ ಹರಡಿದರು. ‘ಸ್ಪೀಕರ್ ಬಂದಿದೆ.’

‘ಎಲ್ಲಿ ಬಂದಿದೆ? ಇದರಲ್ಲಿ ಒಬ್ಬ ನಿದ್ದೆ ಮಾಡ್ತಾ ಇದ್ದಾನೆ.’

‘ನಿದ್ದೆ ಅಲ್ಲ, ಕೇಳ್ತಾ ಇದ್ದಾನೆ.’

‘ನೀವು ತಾಳಮದ್ದಳೆ ಕೇಳುವಾಗ್ಲೂ ಹೀಗೇ ಹೇಳುದು. ಗೊರಕೆ ಮಾತ್ರ ಬೇರೆ ಬರ್ತದೆ.’

ಗಿಂಡಿಯ ಎಂಜಿನಿಯರಿಂಗ್ ಕಾಲೇಜಿಗೆ ಹೊರಟಿದ್ದ ಮಗಳು ವೀಕ್ಷಾ ಶೂ ಹಾಕಿಕೊಳ್ಳುತ್ತ ಪತ್ರಿಕೆಯ ಕಡೆ ಇಣುಕಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಬಾಯಿಂದ ಬರುವುದು ತಮಿಳು. ‘ಅಪ್ಪಾ, ಇದು ವೆರುಂ ವಿಳಂಬರಂ-ಪಾ. ಇನ್ನುಂ ಪ್ರಾಡಕ್ಟೇ ವರಲ.’ ಬರೀ ಜಾಹೀರಾತು, ಸಾಮಾನು ಇನ್ನೂ ಬಂದೇ ಇಲ್ಲ ಎಂದು. (ಜಾಹೀರಾತಿಗೆ ತಮಿಳಿನಲ್ಲಿ ವಿಳಂಬರಂ ಎನ್ನುತ್ತಾರೆ. ಕನ್ನಡದ ಕಿವಿಗೆ ಅದರೊಳಗಿನ ವಿಳಂಬ ಕೇಳಿಸಬೇಕಿತ್ತು. ಮಧ್ವರಾಜರಿಗೆ ಅಂದು ಕೇಳಿಸಲಿಲ್ಲ.)

‘ಬಾರದ ಸಾಮಾನಿಗೆ ಯಾರು ಇಷ್ಟು ಹಣ ಹಾಕಿ ಮುಖಪುಟದಲ್ಲಿ ಕೂಗ್ತಾರೆ?’ ಎಂದರು ಮಧ್ವರಾಜರು. ಅವರ ಮಟ್ಟಿಗೆ ಅದು ಉತ್ತರವಿಲ್ಲದ ಪ್ರಶ್ನೆ.

ಹೊಸ ಸಾಂಬಾರು ಸುರಿಯುವ ಮೊದಲು ಹಳೆಯ ಹಂಡೆ ತೊಳೆದಿಡುವುದು ಹೋಟೆಲಿನ ಪದ್ಧತಿ. ಆ ಪದ್ಧತಿಯಂತೆ ಆ ವಾರವೇ ಹಳೆಯ ಸೆಟ್ ಮನೆ ಬಿಟ್ಟಿತು. ಕೆಳಗಿನ ಮನೆಯ ವೀರಪ್ಪನವರು ಹಾವೇರಿ ಕಡೆಯವರು, ಗಿಂಡಿಯಲ್ಲಿ ಪಂಪುಗಳ ಬಿಡಿಭಾಗದ ವ್ಯಾಪಾರ. ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ಅವರಿಗಿಲ್ಲ.

‘ದುಡ್ಡು ಗಿಡ್ಡು ಏನೂ ಬ್ಯಾಡೇನ್ರಿ?’ ಎಂದು ಅವರು ಆಂಪ್ಲಿಫೈಯರನ್ನು ಕೂಸಿನಂತೆ ಎತ್ತಿಕೊಂಡು ಕೇಳಿದರು.

‘ಛೆ ಛೆ, ಎಂತ ದುಡ್ಡು! ನಮಗೆ ಹೊಸತು ಬರ್ತಾ ಉಂಟು.’

‘ಬರ್ತಾ ಉಂಟು’ ಎಂಬ ಎರಡು ಶಬ್ದಗಳು ಸ್ವಂತ ಬಾಯಿಂದ ಹೊರಬಿದ್ದದ್ದು ಅವರ ಗಮನಕ್ಕೆ ಬರಲಿಲ್ಲ. ಬಾಗಿಲ ಬಳಿ ನಿಂತಿದ್ದ ಗುಣವತಿಯ ಗಮನಕ್ಕೆ ಬಂತು.

ಗುಣವತಿಯ ಚಿಂತೆ ಬೇರೆಯದು. ಕೀಲ್ಪಾಕ್ ಸುತ್ತಿನ ಕನ್ನಡದ ಹೆಂಗಸರ ಭಜನೆ ಸಂಘ ಶನಿವಾರಕ್ಕೊಂದು ಮನೆಯಲ್ಲಿ ಸೇರುತ್ತದೆ. ಈ ಸಲ ನವರಾತ್ರಿಯ ಸರದಿ ಅವರ ಮನೆಗೆ ಬಂದಿತ್ತು. ಮೊದಲ ಬಾರಿಗೆ ಮುಂದೆ ಕುಳಿತು ಹಾಡಿಸುವವರು ಅವರೇ. ಗುಣವತಿಗೆ ಶ್ರುತಿ ಉಂಟು, ಲಯ ಉಂಟು, ಸದ್ದು ಮಾತ್ರ ಇಲ್ಲ. ಹೋದ ವರ್ಷ ಬೇರೊಬ್ಬರ ಮನೆಯಲ್ಲಿ ಅವರು ಹಾಡಿದ ದೇವರನಾಮ ಪಕ್ಕದ ರಸ್ತೆಯ ಬಸ್ಸುಗಳ ಹಾರನ್ನಿನಲ್ಲಿ ಕೊಚ್ಚಿಹೋಗಿ, ಮುಂದಿನ ಸಾಲಿನವರು ಅವರು ಬಾಯಿ ಮುಚ್ಚಿದ್ದು ನೋಡಿ ತಾಳ ನಿಲ್ಲಿಸಿದ್ದರು. ಅಂದಿನಿಂದ ಅವರ ಕಣ್ಣು ಆ ಹಳೆಯ ಸೆಟ್ಟಿನ ಮೈಕಿನ ಮೇಲಿತ್ತು.

‘ನವರಾತ್ರಿಗೆ ನನಗೆ ಮೈಕ್ ಬೇಕಿತ್ತು. ಒಂದು ಮಾತು ಕೇಳದೆ ಕೊಟ್ರಲ್ಲ.’

‘ನವರಾತ್ರಿಗೆ ಘೋಷಾ ಒನ್ ಇರ್ತದೆ. ನೀನು ಪಿಸುಗುಟ್ಟಿದ್ರೆ ಸಾಕು, ಎಗ್ಮೋರ್‌ವರೆಗೆ ಕೇಳ್ತದೆ.’

‘ಎಗ್ಮೋರ್‌ಗೆ ಬೇಡ. ಎರಡನೇ ಸಾಲಿಗೆ ಕೇಳಿದ್ರೆ ಸಾಕು. ಮಾತು ಕೊಡ್ತೀರಾ?’

‘ಕೊಟ್ಟೆ.’

‘ಹೋಟೆಲಿನ ಮಾತಾ, ಮನೆಯ ಮಾತಾ?’

ಮಧ್ವರಾಜರು ನೊಂದ ಮುಖ ಮಾಡಿದರು. ‘ಹೋಟೆಲಿನ ಮಾತು,’ ಎಂದರು.

ಇಲ್ಲಿಂದ ಮುಂದೆ ಘೋಷಾ ಕಂಪನಿ ಒಂದು ಕೆಲಸವನ್ನು ಶ್ರದ್ಧೆಯಿಂದ ಮಾಡಿತು. ಸ್ಪೀಕರ್ ಒಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಕಳಿಸಿತು. ‘ಬಂದಾಗ ನನಗೆ ತಿಳಿಸಿ’ ಎಂಬ ಗುಂಡಿಯನ್ನು ಮಧ್ವರಾಜರು ಫೋನಿನಲ್ಲಿ ಒತ್ತಿದ ಕ್ಷಣದಿಂದ ಸಂದೇಶಗಳ ಸುರಿಮಳೆ. ನೀವು ಈಗ ನಮ್ಮ ಕುಟುಂಬ. ನಿಮ್ಮ ಕಿವಿಗಳು ಸಿದ್ಧವೇ? ಕಪ್ಪು ಶರಟು ತೊಟ್ಟ ಸಂಸ್ಥಾಪಕ ಖಾಲಿ ವೇದಿಕೆಯ ಮೇಲೆ ಅಡ್ಡಾಡುತ್ತ ‘ಮೌನ’ದ ಬಗ್ಗೆ ಮಾತಾಡಿದ ವಿಡಿಯೊ ಬಂತು. (ಸ್ಪೀಕರ್ ಮಾಡುವವನು ಮೌನದ ಬಗ್ಗೆ ಇಷ್ಟು ಹೊತ್ತು ಮಾತಾಡಿದಾಗಲೇ ಅನುಮಾನ ಬರಬೇಕಿತ್ತು.) ಆಮೇಲೆ ಬಣ್ಣ ಆರಿಸಿ ಎಂದರು. ಶಂಖದ ಬಿಳಿಯೋ, ಮಳೆಮೋಡದ ಬೂದಿಯೋ ಎಂದು ಮಧ್ವರಾಜರು ಗಂಡಹೆಂಡಿರ ನಡುವಿನ ಗಂಭೀರ ವಿಷಯವನ್ನಾಗಿ ಅದನ್ನು ಊಟದ ಮೇಜಿಗೆ ತಂದರು.

‘ಕರ್ಟನ್ನಿಗೆ ಯಾವುದು ಹೊಂದ್ತದೆ ಹೇಳು.’

‘ಇಲ್ಲದ್ದು ಎಲ್ಲಾ ಕರ್ಟನ್ನಿಗೂ ಹೊಂದ್ತದೆ,’ ಎಂದರು ಗುಣವತಿ.

ಶ್ರಾವಣದಲ್ಲಿ ಬರಬೇಕಾದದ್ದು ಗಣೇಶ ಚೌತಿಗೆ ಹೋಯಿತು. ಚೌತಿಯ ದಿನ ಫೋನಿಗೆ ಬಂದದ್ದು ಮೋದಕ ಹಿಡಿದ ಗಣಪನ ಚಿತ್ರ, ಕಿವಿಯ ಪಕ್ಕ ‘ದೊಡ್ಡ ಕಿವಿಗಳಿಗೆ ದೊಡ್ಡ ಸುದ್ದಿ, ಶೀಘ್ರದಲ್ಲಿ’ ಎಂಬ ಬರಹ. ಮಧ್ವರಾಜರಿಗೆ ತಡೆಯಲಾಗಲಿಲ್ಲ. ಮೆಟ್ರೋ ಹತ್ತಿ, ಆಟೋ ಹಿಡಿದು, ಟಿ. ನಗರದ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರು. ಜವಳಿ ಅಂಗಡಿಗಳ ಜನಜಾತ್ರೆಯನ್ನು ಸೀಳಿಕೊಂಡು ಒಳಗೆ ಹೋದರೆ, ಕಣ್ಣೆದುರಿಗೇ, ದೀಪದ ಬೆಳಕಿನಲ್ಲಿ, ಗಾಜಿನ ಪೀಠದ ಮೇಲೆ ನಿಂತಿದೆ ಘೋಷಾ ಒನ್! ಅವರ ಕಣ್ಣು ಒದ್ದೆಯಾಯಿತು. ಪ್ರೀತಿಯಿಂದ ಬೆರಳಿನಲ್ಲಿ ತಟ್ಟಿದರು. ‘ಡಬ್’ ಎಂದಿತು. ಒಳಗೆ ಏನೂ ಇಲ್ಲದ ರಟ್ಟಿನ ಡಬ್ಬದ ಸದ್ದು.

‘ಡಮ್ಮಿ ಸಾರ್,’ ಎಂದ ಸೇಲ್ಸ್‌ಮನ್ ಅಭಿಲಾಷ್, ಅದೊಂದು ಮಾದರಿಯ ಹೆಸರೇ ಎಂಬ ಗೌರವದಿಂದ. ‘ಒರಿಜಿನಲ್ ಅಡುತ್ತ ಮಾಸಂ.’ ಮುಂದಿನ ತಿಂಗಳು.

ಘೋಷಾ ಒನ್‌ನಿಂದ ಮಧ್ವರಾಜರು ಈವರೆಗೆ ಕೇಳಿದ ಏಕೈಕ ನಾದ ಆ ‘ಡಬ್’.

‘ಆನಾ ಸಾರ್, ಸ್ಟ್ಯಾಂಡ್ ಇರುಕ್ಕು,’ ಎಂದ ಅಭಿಲಾಷ್. ಸ್ಪೀಕರ್ ಇಲ್ಲ, ಆದರೆ ಅದನ್ನು ಇಡುವ ಸ್ಟ್ಯಾಂಡ್ ಇದೆ. ತೇಗದ ಮರದ್ದು, ಹಿತ್ತಾಳೆಯ ಕಾಲಿನದ್ದು. ಧೂಳು ಕೂರದಂತೆ ಹೊದಿಸುವ ಮುಸುಕೂ ಬಂದಿದೆ. ‘ಸ್ಟ್ಯಾಂಡ್ ತಗೊಂಡವರಿಗೆ ಸ್ಪೀಕರ್ ಮೊದಲು’ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ ಮೇಲೆ ಇನ್ನೇನು ಉಳಿಯಿತು? ಮಧ್ವರಾಜರು ಸ್ಟ್ಯಾಂಡನ್ನೂ ಮುಸುಕನ್ನೂ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು. ಬಡಗಿಯನ್ನು ಕರೆಸಿ, ಭೂಕಂಪವಾದರೂ ಅಲುಗಾಡದಂತೆ ಹಾಲಿನ ಗೋಡೆಗೆ ಸ್ಕ್ರೂ ಹೊಡೆಸಿದರು. ಮೇಲೆ ಏನೂ ಇಲ್ಲದ ಜಾಗಕ್ಕೆ ಮುಸುಕು ಹೊದಿಸಿದರು.

ಗುಣವತಿ ಬಂದು ಮುಸುಕೆತ್ತಿ ನೋಡಿ, ಮತ್ತೆ ಹೊದಿಸಿ, ಅಡುಗೆಮನೆಗೆ ಹೋದರು. ಮರುದಿನ ಅಲ್ಲೊಂದು ತಾಮ್ರದ ತಂಬಿಗೆ ಬಂದು ಕೂತಿತು.

ಮಧ್ಯಾಹ್ನ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಗುಣವತಿಯ ಒಂದು ಫೋಟೊ ಕಾಣಿಸಿಕೊಂಡಿತು. ಬಾಲ್ಕನಿಯಲ್ಲಿ ಏಸಿಯ ನೀರು ತೊಟ್ಟಿಕ್ಕುವ ಜಾಗಕ್ಕೆ ಬಕೆಟ್ ಇಟ್ಟು ಅವರು ಕೆಸು ಬೆಳೆಸಿದ್ದರು. ಎಲೆಯೊಂದರ ಮೇಲೆ ಒಂದೇ ಒಂದು ಹನಿ. ಹಿನ್ನೆಲೆ ಪೂರ್ತಿ ಕಪ್ಪು (ವೀಕ್ಷಾಳ ಕೈವಾಡ). ಕೆಳಗೆ ಬರಹ: ‘ಪತ್ರೊಡೆ ಒನ್. ರುಚಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಡಿ. ಶೀಘ್ರದಲ್ಲಿ.’

ಕೆಸುವಿನೆಲೆಗೆ ಹಿಟ್ಟು ಸವರಿ ಬೇಯಿಸುವ ಪತ್ರೊಡೆ ಎಂದರೆ ಮಧ್ವರಾಜರಿಗೆ ಪ್ರಾಣ. ಅವರು ಅಂದು ಹೋಟೆಲಿನಲ್ಲಿ ಊಟ ಮಾಡದೆ ಹಸಿದುಕೊಂಡು ಮನೆಗೆ ಬಂದರು. ಬಟ್ಟಲಲ್ಲಿ ಮೊಸರನ್ನ ಇತ್ತು.

‘ಪತ್ರೊಡೆ ಎಲ್ಲಿ?’

‘ಎಲೆ ಇನ್ನೂ ಬೆಳೀಬೇಕು. ನೀವು ಈಗ ನಮ್ಮ ಕುಟುಂಬ ಅಲ್ವಾ, ಕಾಯಿರಿ.’

ನವರಾತ್ರಿ ಬಂದೇಬಂತು. ಭಜನೆಯ ಶನಿವಾರ ಬೆಳಿಗ್ಗೆ ಮಧ್ವರಾಜರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಾಗ ಫೋನು ಟಿಂಗ್ ಎಂದಿತು. ನಿಮಗೆ ಸಲ್ಲಬೇಕಾದ ನಾದವನ್ನೇ ಕೊಡಬೇಕೆಂಬ ಹಟದಿಂದ, ಘೋಷಾ ಒನ್ ಬಿಡುಗಡೆಯನ್ನು ಸ್ವಲ್ಪ ಮುಂದೂಡಿದ್ದೇವೆ. ನಿಮ್ಮ ತಾಳ್ಮೆಯೇ ನಮ್ಮ ಸಂಗೀತ.

ಅವರು ಗಲ್ಲಾ ಬಿಟ್ಟೆದ್ದು ಮನೆಗೆ ನಡೆದರು. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದರು, ಕಿತ್ತರು, ಜೋಡಿಸಿದರು. ಬಾಗಿಲು ತೆಗೆದರೆ ಗುಣವತಿ ತಾಳಗಳನ್ನೂ ದೇವರ ಪಟವನ್ನೂ ಬುಟ್ಟಿಗೆ ತುಂಬುತ್ತಿದ್ದಾರೆ.

‘ಗುಣಾ, ಆ ಸ್ಪೀಕರ್…’

‘ಗೊತ್ತುಂಟು. ಭಜನೆ ಕೆಳಗೆ, ವೀರಪ್ಪನವರ ಹೆಂಡತಿ ಜಯದೇವಿಯವರಲ್ಲಿ. ಹೋದ ವಾರವೇ ಎಲ್ರಿಗೂ ಹೇಳಿ ಆಗಿದೆ.’

‘ಹೋದ ವಾರ? ನನ್ನ ಮಾತಿನ ಮೇಲೆ ನಂಬಿಕೆಯೇ ಇರ್ಲಿಲ್ವಾ?’

‘ನಿಮ್ಮ ಮಾತಿನ ಮೇಲೆ ಉಂಟು. ಒಲೆ ಹತ್ತಿದೆಯಾ ಅಂತ ನೋಡಿ ಮಾತಾಡುದು ನೀವೇ ಕಲಿಸಿದ್ದಲ್ವಾ? ನೋಡಿದೆ. ಹತ್ತಿರ್ಲಿಲ್ಲ.’ ಬುಟ್ಟಿ ಎತ್ತಿಕೊಂಡರು. ‘ಸಂಜೆ ನೀವೂ ಬನ್ನಿ. ಚಪ್ಪಲಿ ನೋಡಿಕೊಳ್ಳಿಕ್ಕೆ ಜನ ಬೇಕು.’

ಹೋಗಬಹುದಿತ್ತು. ಆದರೆ ಆ ಸಂಜೆಗೆ ಮಧ್ವರಾಜರು ಇನ್ನೊಂದು ಅನಾಹುತವನ್ನು ತಾವೇ ಆಹ್ವಾನಿಸಿದ್ದರು. ಟಿ. ನಗರದಲ್ಲಿ ಹೋಟೆಲ್ ಇಟ್ಟಿರುವ ಸುಜಯೀಂದ್ರ ಎಂಬ ಊರ ಕಡೆಯವರಿಗೆ, ಹೋಟೆಲ್ ಮಾಲೀಕರ ಸಭೆಯೊಂದರಲ್ಲಿ, ‘ನವರಾತ್ರಿಗೆ ಬನ್ನಿ, ಸ್ಪೀಕರ್ ಅಂದ್ರೆ ಎಂತದ್ದು ಅಂತ ಕೇಳಿಸ್ತೇನೆ’ ಎಂದುಬಿಟ್ಟಿದ್ದರು. ಸುಜಯೀಂದ್ರರು ಮರೆಯುವ ಪೈಕಿ ಅಲ್ಲ. ಅದರಲ್ಲೂ ಮಧ್ವರಾಜರ ಬಡಾಯಿಯನ್ನು ಎಂದೂ ಮರೆತವರಲ್ಲ.

ಸಂಜೆ ಸರಿಯಾದ ಹೊತ್ತಿಗೆ ಅವರು ಬಂದು ಸೋಫಾದಲ್ಲಿ ಕೂತರು. ಎದುರಿಗೆ ತೇಗದ ಸ್ಟ್ಯಾಂಡ್, ಅದರ ಮೇಲೆ ತಂಬಿಗೆ.

‘ಎಲ್ಲಿ ಮಾರಾಯ್ರೆ ನಿಮ್ಮ ಸ್ಪೀಕರು?’

ಮಧ್ವರಾಜರು ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ನಿಜ ಹೇಳುವುದೆಂದು ನಿಶ್ಚಯಿಸಿದರು. ಲೋಟ ಹಿಡಿದು ಹಾಲಿಗೆ ಬಂದು, ‘ನೋಡಿ ಸುಜಯೀಂದ್ರರೇ, ವಿಷಯ ಎಂತ ಅಂದ್ರೆ…’ ಎಂದರು.

ಅದೇ ಹೊತ್ತಿಗೆ ನೆಲ ಹಾಡತೊಡಗಿತು.

ವೀರಪ್ಪನವರು ಹಳೆಯ ಸ್ಪೀಕರುಗಳನ್ನು ಮೊಮ್ಮಕ್ಕಳ ಕೈಗೆ ಸಿಗಬಾರದೆಂದು ಗಿಂಡಿಯ ವರ್ಕ್‌ಶಾಪಿನಲ್ಲಿ ಕಬ್ಬಿಣದ ಬ್ರಾಕೆಟ್ ಮಾಡಿಸಿ, ಹಾಲಿನ ಸೂರಿಗೆ ಒತ್ತಿ ತೂಗುಹಾಕಿದ್ದರು. ಅವರ ಸೂರು ಎಂದರೆ ಮಧ್ವರಾಜರ ನೆಲ. ಮೊದಲು ತಂಬೂರಿಯ ಶ್ರುತಿ ಅಂಗಾಲಿಗೆ ಕಚಗುಳಿಯಿಟ್ಟಿತು. ಆಮೇಲೆ ಒಂದು ಕಂಠ. ತೆಳ್ಳಗೆ, ಅವಸರವಿಲ್ಲದೆ, ದೇವರನಾಮದ ಒಂದೊಂದು ಅಕ್ಷರವನ್ನೂ ತೊಳೆದು ಒಣಗಿಸಿ ಇಟ್ಟಂತೆ ಎದ್ದುಬಂತು. ಸೋಫಾದ ಕಾಲು, ಕಾಫಿಯ ಲೋಟ, ಸ್ಟ್ಯಾಂಡಿನ ಮೇಲಿನ ತಂಬಿಗೆ, ಎಲ್ಲವೂ ಸಣ್ಣಗೆ ಮಿಡಿದವು. ಹೊರಗೆ ಬಸ್ಸೊಂದು ಹಾರನ್ ಹಾಕಿ ಸೋತು ಮುಂದೆ ಹೋಯಿತು.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಮಧ್ವರಾಜರು ಹೆಂಡತಿಯ ಸ್ವರವನ್ನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಅವರ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು.

‘ಅಬ್ಬ!’ ಎಂದರು ಸುಜಯೀಂದ್ರರು, ಲೋಟ ಕೆಳಗಿಟ್ಟು. ‘ಎಂಥ ನಾದ ಮಾರಾಯ್ರೆ! ಎಲ್ಲಿಂದ ಬರ್ತಾ ಉಂಟು ಇದು?’

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಮಧ್ವರಾಜರ ಬಾಯಿ ತೆರೆಯಿತು. ಆದರೆ ಅದರಿಂದ ಬಂದದ್ದು ಪತ್ರಿಕೆಯ ಮುಖಪುಟ.

‘ಹುಡುಕಬೇಡಿ,’ ಎಂದರು.

ಸುಜಯೀಂದ್ರರು ಸ್ಟ್ಯಾಂಡಿನ ಹಿಂದೆ ನೋಡಿದರು, ತಂಬಿಗೆಯೊಳಗೆ ಇಣುಕಿದರು, ಕೊನೆಗೆ ಕೈಚೆಲ್ಲಿ ಭಕ್ತಿಯಿಂದ ಕೂತರು. ‘ಹಾಡುದು ಯಾರು? ಬಹಳ ಪಳಗಿದ ಕಂಠ.’

‘ರೆಕಾರ್ಡಿಂಗ್,’ ಎಂದರು ಮಧ್ವರಾಜರು. ಒಮ್ಮೆ ಒಲೆಯಿಲ್ಲದೆ ಕೂಗಿದವನಿಗೆ ಎರಡನೆಯ ಸಲ ಕೂಗುವುದು ಎಷ್ಟು ಸಲೀಸು ಎಂದು ಅವರಿಗೇ ಆಶ್ಚರ್ಯವಾಯಿತು.

ಸುಜಯೀಂದ್ರರು ಫೋನು ತೆಗೆದು ವಿಡಿಯೊ ಮಾಡಿಕೊಂಡರು. ನಡುಗುವ ತಂಬಿಗೆ, ಖಾಲಿ ಗೋಡೆ, ಕಣ್ಣು ಮುಚ್ಚಿ ಕುಳಿತ ಮಧ್ವರಾಜರು. ಮನೆಗೆ ಹೋಗಿ ಅದನ್ನು ಇಂಟರ್‌ನೆಟ್ಟಿಗೆ ಹಾಕಿ, ಕಂಪನಿಯ ಹೆಸರನ್ನೂ ಸೇರಿಸಿದರು. ತಮ್ಮ ಸ್ಪೀಕರ್ ಬಿಡುಗಡೆಗೆ ಮುಂಚೆಯೇ ಒಬ್ಬರ ಮನೆಯಲ್ಲಿ ಹಾಡುತ್ತಿರುವುದನ್ನು ಕಂಡು ಕಂಪನಿಯವರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಬಳಸಿಕೊಳ್ಳಬಹುದೇ ಎಂದು ಸುಜಯೀಂದ್ರರನ್ನು ಕೇಳಿದರು. ಅವರು ಹೂಂ ಎಂದರು.

ಮುಂದಿನ ಜಾಹೀರಾತಿನಲ್ಲಿ ಗಡ್ಡದ ಯುವಕ ಇರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ, ಬನಿಯನ್ನಿನ ಮೇಲೊಂದು ಶಲ್ಯ ಹೊದ್ದು, ಮಧ್ವರಾಜರು ಕಣ್ಣು ಮುಚ್ಚಿ ಕುಳಿತಿದ್ದರು. ‘ಹೋಟೆಲ್ ಮಾಲೀಕರು, ಕೀಲ್ಪಾಕ್. ಇವರು ಹುಡುಕುವುದನ್ನು ಬಿಟ್ಟಿದ್ದಾರೆ.’ ಕೆಳಗೆ, ಇರುವೆ ಕಾಲಿನಷ್ಟು ಸಣ್ಣಗೆ, ‘ಶೀಘ್ರದಲ್ಲಿ’.

ಹೋಟೆಲಿನಲ್ಲಿ ಅದನ್ನು ಮೊದಲು ನೋಡಿದವರು ಗೋಳಿಬಜೆಗೆ ಕಾದಿದ್ದ ಅದೇ ಡಾಕ್ಟರು. ‘ಸ್ಪೀಕರ್ ಎಪ್ಪಡಿ ಸಾರ್ ಇರುಕ್ಕು?’ ಹೇಗಿದೆ ಎಂದು ಗಲ್ಲಾದ ಬಳಿ ನಿಂತು ಕೇಳಿದರು. ಮಧ್ವರಾಜರು ಚಿಲ್ಲರೆ ಹುಡುಕತೊಡಗಿದರು. ಗ್ರೈಂಡರ್ ಕೋಣೆಯಿಂದ ಎಂದೋ ಬಿಡುಗಡೆಯಾಗಿದ್ದ ವಿಘ್ನೇಶ್ ಆಚೆ ಮೇಜಿನ ಬಳಿ ಗಿರಾಕಿಗೆ ತಿಂಡಿಗಳ ಹೆಸರು ಹೇಳುತ್ತಿದ್ದವನು ದನಿ ಒಂದು ಪಟ್ಟು ಏರಿಸಿದ. ‘ಇಡ್ಲಿ, ವಡೆ, ಪೊಂಗಲ್, ರವೆ ದೋಸೆ ಎಲ್ಲಾ ರೆಡಿ ಸಾರ್. ಸ್ಪೀಕರ್ ಮಟ್ಟುಂ ವಂದುಕ್ಕಿಟ್ಟೇ ಇರುಕ್ಕು!’ ಸ್ಪೀಕರ್ ಒಂದು ಮಾತ್ರ ಬರುತ್ತಲೇ ಇದೆ. ಅಡುಗೆಮನೆಯವರೆಗೂ ನಗು ಹೋಯಿತು. ತಮ್ಮದೇ ಕಾನೂನಿನ ಪ್ರಕಾರ ಯಾರನ್ನು ಗ್ರೈಂಡರ್ ಕೋಣೆಗೆ ಹಾಕಬೇಕೆಂದು ಮಧ್ವರಾಜರಿಗೆ ಖಚಿತವಾಗಿ ಗೊತ್ತಿತ್ತು, ಆದ್ದರಿಂದ ಚಿಲ್ಲರೆ ಹುಡುಕುತ್ತಲೇ ಇದ್ದರು.

ಮನೆಯಲ್ಲಿ ಗುಣವತಿ ಫೋನನ್ನು ಮೇಜಿನ ಮೇಲಿಟ್ಟು ಕಾದಿದ್ದರು. ವಿಡಿಯೊ ಓಡಿತು. ಮುಗಿಯಿತು. ಮತ್ತೆ ಓಡಿತು.

‘ಇದು ಯಾರ ಸ್ವರ?’

‘ನಿಂದು.’

‘ಸುಜಯೀಂದ್ರರಿಗೆ ಎಂತ ಹೇಳಿದ್ರಿ?’

‘ರೆಕಾರ್ಡಿಂಗ್ ಅಂತ.’

ಗುಣವತಿ ಫೋನನ್ನು ಮಗುಚಿಟ್ಟರು. ‘ನನ್ನ ಸ್ವರ ಮೊದಲ ಸಲ ಎರಡನೇ ಸಾಲಿಗೆ ಕೇಳಿತು. ಮೇಲಿನ ಮನೆಗೂ ಕೇಳಿತು. ಅದನ್ನು ಕೊಂಡುಹೋಗಿ ಇಲ್ಲದ ಡಬ್ಬದ ಲೆಕ್ಕಕ್ಕೆ ಬರೆದ್ರಲ್ಲ!’

‘ಅಪ್ಪಾ, ತಪ್ಪು-ಪಾ,’ ಎಂದಳು ಸೋಫಾದ ಮೂಲೆಯಲ್ಲಿದ್ದ ವೀಕ್ಷಾ. ಆ ಶಬ್ದ ಎರಡೂ ಭಾಷೆಯಲ್ಲಿ ಒಂದೇ ಆದದ್ದರಿಂದ ಮಧ್ವರಾಜರಿಗೆ ಅರ್ಥವಾಗಲಿಲ್ಲ ಎನ್ನಲು ದಾರಿಯಿರಲಿಲ್ಲ.

‘ಈಗಲೇ ಫೋನ್ ಮಾಡಿ ನಿಜ ಹೇಳಿ,’ ಎಂದರು ಗುಣವತಿ.

ಮಾಡಿದರು. ಹೇಳಿದರು. ನೆಲ, ಕೆಳಮನೆ, ಹಳೆಯ ಸೆಟ್, ಗುಣವತಿ, ಎಲ್ಲವನ್ನೂ. ಆ ಕಡೆ ಸುಜಯೀಂದ್ರರು ದೀರ್ಘವಾಗಿ ಉಸಿರೆಳೆದರು.

‘ಅಂದ್ರೆ ಆ ಸ್ಪೀಕರ್ ಇಲ್ವಾ?’

‘ಇಲ್ಲ.’

‘ಅಯ್ಯೋ ಮಾರಾಯ್ರೆ, ನಾನು ನನ್ನ ಹಳೆ ಸೆಟ್ ಭಾವನಿಗೆ ಕೊಟ್ಟು ಆಯ್ತಲ್ಲ! ನಿನ್ನೆ ಸ್ಟ್ಯಾಂಡೂ ತಂದೆ.’

ಕಂಪನಿಗೂ ಮಧ್ವರಾಜರು ಬರೆದರು: ನನ್ನ ಮನೆಯಲ್ಲಿ ನಿಮ್ಮ ಸ್ಪೀಕರ್ ಇಲ್ಲ, ಹಾಡಿದ್ದು ನನ್ನ ಹೆಂಡತಿ, ಜಾಹೀರಾತು ತೆಗೆಯಿರಿ. ಉತ್ತರ ಕ್ಷಣದಲ್ಲಿ ಬಂತು. ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ. ಘೋಷಾ ಟೂ ಬಗ್ಗೆ ತಿಳಿಯಲು ಇಲ್ಲಿ ಒತ್ತಿ.

ಮುಂದಿನ ಶನಿವಾರವೂ ಭಜನೆ ಕೆಳಗಿನ ಮನೆಯಲ್ಲೇ. ಸಂಘದವರಿಗೆ ಆ ಸೆಟ್ಟಿನ ರುಚಿ ಹತ್ತಿತ್ತು. ಇನ್ನು ಮನೆ ಮನೆ ಸುತ್ತುವುದಿಲ್ಲ ಎಂದು ತೀರ್ಮಾನವಾಗಿತ್ತು. ಮಧ್ವರಾಜರು ಹಾಲಿನಲ್ಲಿ ಒಬ್ಬರೇ ಇದ್ದರು. ಸೋಫಾದಲ್ಲಿ ಕೂತರೆ ಅಷ್ಟು ಸ್ಪಷ್ಟವಿಲ್ಲವೆಂದು ನೆಲದ ಮೇಲೆ ಚಾಪೆ ಹಾಕಿ, ಮಗ್ಗುಲಾಗಿ ಮಲಗಿ, ಕಿವಿಯನ್ನು ಟೈಲ್ಸಿಗೆ ಒತ್ತಿ ಕೇಳುತ್ತಿದ್ದರು. ಗುಣವತಿಯ ದೇವರನಾಮ ಮುಗಿಯಿತು. ತಾಳಗಳು ನಿಂತವು. ಮೈಕು ಒಮ್ಮೆ ಕೊರ್ ಎಂದಿತು.

‘ಮೇಲಿನ ಮನೆಯವರ ಗಮನಕ್ಕೆ,’ ಎಂದಿತು ನೆಲ.

ಮಧ್ವರಾಜರು ಗಡಬಡಿಸಿ ಎದ್ದು ಕೂತರು.

‘ಇಲ್ಲಿ ಪತ್ರೊಡೆ ಉಂಟು. ಎಲೆ ಬೆಳೆದಿದೆ, ಹಿಟ್ಟು ಅರೆದಿದೆ, ಒಲೆಯಿಂದ ಇಳಿದಿದೆ. ಬೇಕಾದವರು ಬರಬಹುದು. ಬರುವಾಗ ಆ ಸ್ಟ್ಯಾಂಡ್ ತನ್ನಿ, ಪಾತ್ರೆ ಇಡ್ಲಿಕ್ಕೆ ಜಾಗ ಇಲ್ಲ.’

ನೆಲದಡಿ ಹೆಂಗಸರ ನಗು ಗುಡುಗಿತು. ಮಧ್ವರಾಜರಿಗೆ ಮರ್ಯಾದೆಯ ಯೋಚನೆ ಬರಲಿಲ್ಲ, ಬಂದದ್ದು ತೆಂಗಿನೆಣ್ಣೆಯ ಒಗ್ಗರಣೆಯ ಯೋಚನೆ. ಅವರು ಸ್ಟ್ಯಾಂಡಿಗೆ ಕೈ ಹಾಕಿ ಎಳೆದರು. ಅದು ಅಲ್ಲಾಡಲಿಲ್ಲ. ಭೂಕಂಪಕ್ಕೂ ಅಲುಗಾಡದಂತೆ ಹೊಡೆಸಿದ ಸ್ಕ್ರೂ. ಸ್ಕ್ರೂಡ್ರೈವರ್ ಹುಡುಕಿದರು, ಸಿಗಲಿಲ್ಲ. ಮೇಲಿನ ಮಹಡಿಯವರ ಬಾಗಿಲು ಬಡಿದು ಸಾಲ ತಂದರು, ತುದಿ ಹೊಂದಲಿಲ್ಲ. ಕೊನೆಗೆ ಚೂರಿಯ ತುದಿಯಲ್ಲಿ ಒಂದೊಂದೇ ಸ್ಕ್ರೂ ತಿರುಗಿಸಿ, ಗೋಡೆಯ ಸುಣ್ಣವನ್ನು ತಲೆಯ ಮೇಲೆ ಸುರಿದುಕೊಂಡು, ತೇಗದ ಸ್ಟ್ಯಾಂಡನ್ನು ಬೆನ್ನಿಗೆ ಹೊತ್ತು ಮೆಟ್ಟಿಲಿಳಿದರು.

ಬಾಗಿಲು ತೆರೆದವರು ವೀರಪ್ಪನವರು. ‘ಬರ್ರಿ ಬರ್ರಿ, ಬಾಳ ತಡ ಮಾಡಿದ್ರಿ,’ ಎಂದು ಕೈ ಒರೆಸಿಕೊಂಡರು. ಅವರ ಮೀಸೆಯ ಮೇಲೆ ಒಗ್ಗರಣೆಯ ಒಂದು ಸಾಸಿವೆ ಇತ್ತು.

ಒಳಗೆ ಹೆಂಗಸರೆಲ್ಲ ಬಾಳೆಲೆ ಮಡಿಸುತ್ತಿದ್ದರು. ಜಯದೇವಿಯವರು ದೊಡ್ಡ ಪಾತ್ರೆಯನ್ನು ಓರೆ ಮಾಡಿ ತೋರಿಸಿದರು. ತಳ ಹೊಳೆಯುತ್ತಿತ್ತು. ‘ಈಗಷ್ಟ ಮುಗೀತ್ ನೋಡ್ರಿ ಅಣ್ಣಾರ. ಮಸ್ತ್ ಆಗಿತ್ತು.’

ಮಧ್ವರಾಜರು ಸ್ಟ್ಯಾಂಡನ್ನು ಇಳಿಸಿ, ಖಾಲಿ ಪಾತ್ರೆಯನ್ನೂ ಹೆಂಡತಿಯನ್ನೂ ಸರದಿಯ ಮೇಲೆ ನೋಡಿದರು. ಸೂರಿನಲ್ಲಿ ಅವರ ಹಳೆಯ ಸ್ಪೀಕರುಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಗುಣವತಿ ಮೈಕನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

‘ಹೆಸರು ಬರೆಸಿ ಹೋಗಿ,’ ಎಂದರು, ಇಡೀ ಕಟ್ಟಡಕ್ಕೆ ಕೇಳುವಂತೆ. ‘ಬಂದಾಗ ತಿಳಿಸ್ತೇವೆ.’